ಎರಡು ಕಡೆ ಇಟ್ಟ ಪುಟ್ಟಿ

“ಪುಟ್ಟಿನ ಇನ್ನೊಂದು ಸಲ ಕಳ್ಕೊಳ್ಳೋಕೆ ಬಿಡಲ್ಲ ಕಣೇ” ಎಂದು ಗಂಡ ಮಾತು ಕೊಟ್ಟು ಹತ್ತೊಂಬತ್ತು ವರ್ಷವಾಗಿತ್ತು. ಈಗ ಆತ ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಹೆಣವಾಗಿ ಮಲಗಿದ್ದ. ಒಳಕೋಣೆಯಲ್ಲಿ ಮಗ ಮಂಡಿಯೂರಿ, ಅಪ್ಪ ಮನೆಯ ವಿಡಿಯೊಗಳನ್ನು ಕೂಡಿಟ್ಟಿದ್ದ ಪೆಟ್ಟಿಗೆಯಿಂದ ಹಾರ್ಡ್‌ಡಿಸ್ಕೊಂದನ್ನು ಎಳೆಯುತ್ತಿದ್ದ.

“ಏನೋ ಅದು?” ತಾಯಿ ಬಾಗಿಲಿಗೆ ಬಂದಳು.

“ವಿಡಿಯೊದವನ ಕಾರ್ಡು ತುಂಬಿದೆಯಂತಮ್ಮ. ಸಂಸ್ಕಾರಕ್ಕೆ ಬರದೇ ಇರೋರಿಗೆ ತೋರಿಸೋದು ಬೇಡ್ವಾ?”

“ಪುಟ್ಟಿ ಇದಾಳಲ್ಲೋ ಅದರಲ್ಲಿ.”

“ಒಂದು ಹೋದ್ರೆ ಏನೂ ಆಗಲ್ಲ ಅಂತ ಅಪ್ಪನೇ ಹೇಳ್ತಿದ್ರಲ್ಲ!”

ಹೇಳುತ್ತಿದ್ದದ್ದು ನಿಜ. ಅವಳು ಬಾಗಿಲು ಬಿಟ್ಟು ಸರಿದಳು. ಮಗ ಖಾನೆಯ ಬಾಗಿಲು ಮುಚ್ಚಿ ಎದ್ದ.

*

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದ ಆತನಿಗಿದ್ದ ಚಟ ಇದೊಂದೇ. ಯಾರ ಮನೆಯ ಕಂಪ್ಯೂಟರು ಕೆಟ್ಟರೂ ಡಿಸ್ಕ್ ಬಿಚ್ಚಿ ತರುತ್ತಿದ್ದ. ಸಣ್ಣದೋ ದೊಡ್ಡದೋ, ಪೆಟ್ಟಿಗೆ ಸೇರಿಸಿಕೊಳ್ಳುತ್ತಿತ್ತು. ನೆಂಟರು ಅದನ್ನು ‘ಗುಜರಿ’ ಎಂದೇ ಕರೆಯುತ್ತಿದ್ದರು. ನಾಲ್ಕು ವರ್ಷಕ್ಕೇ ತೀರಿಹೋದ ಮಗಳು ಪುಟ್ಟಿ ಬಕೆಟ್ಟಿನಲ್ಲಿ ಕೂತು ಅಪ್ಪನನ್ನು ಬೈಯುವ ಹನ್ನೊಂದು ನಿಮಿಷದ ವಿಡಿಯೊ ಅದರಲ್ಲಿತ್ತು. ಪ್ರತಿ ಭಾನುವಾರ ಗಂಡಹೆಂಡತಿ ಟೀವಿಯಲ್ಲಿ ನೋಡುತ್ತಿದ್ದರು.

“ಮೂರು ಡಿಸ್ಕಿದೆ. ಪ್ರತಿ ವಿಡಿಯೊನೂ ಎರಡು ಡಿಸ್ಕಲ್ಲಿ, ಎರಡು ಕಡೆ ಇರುತ್ತೆ. ಒಂದು ಸತ್ರೆ ಏನೂ ಆಗಲ್ಲ” ಎಂದು ಆತ ಊಟದ ಮಧ್ಯೆ ವಿವರಿಸುತ್ತಿದ್ದ. ಅಷ್ಟಕ್ಕೇ ಮಗನೂ ಅಳಿಯನೂ ಮೊಬೈಲಿಗೆ ತಲೆ ತಗ್ಗಿಸುತ್ತಿದ್ದರು.

“ಎರಡು ಒಟ್ಟಿಗೆ ಸತ್ರೆ ಏನ್ರೀ?”

“ಒಟ್ಟಿಗೆ ಯಾಕೆ ಸಾಯ್ತವೆ? ಬಡಿಸು.”

*

ಸ್ಮಶಾನದಿಂದ ಎಲ್ಲರೂ ಮರಳಿದ ಮೇಲೆ ಅವಳು ಟೀವಿಯ ಮುಂದೆ ಕೂತಳು.

“ಪುಟ್ಟಿನ ಹಾಕೋ. ಇವತ್ತು ಭಾನುವಾರ.”

ಮಗ ಹುಡುಕಿದ. ಸಿಗಲಿಲ್ಲ. ಹೋಗಿ ಪೆಟ್ಟಿಗೆಯ ಖಾನೆಗಳನ್ನೆಲ್ಲ ತೆರೆದ. ಒಂದೇ ಡಿಸ್ಕಿತ್ತು.

“ಇನ್ನೊಂದೆಲ್ಲಿ?”

ಅಳಿಯ ಕೆಮ್ಮಿದ. “ಬೆಳಿಗ್ಗೆ ನಾನು ತಗೊಂಡೆ. ಅಂಗಡಿ ಮುಚ್ಚಿದೀನಲ್ಲ, ಕಳ್ಳರ ಭಯ, ಅಲ್ಲಿನ ಸಿಸಿಟಿವಿ ಕ್ಯಾಮೆರಾಕ್ಕೆ ಡಿಸ್ಕ್ ಬೇಕಿತ್ತು. ಒಂದು ಹೋದ್ರೆ ಏನೂ ಆಗಲ್ಲ ಅಂತ ಮಾವನೇ...”

“ಅಳಿಸಿಬಿಟ್ರಾ ಭಾವ?”

“ಡಿಸ್ಕ್ ಹಾಕ್ತಿದ್ದ ಹಾಗೇ ಕ್ಯಾಮೆರಾದ್ದೇ ಅಳಿಸುತ್ತಪ್ಪ. ನೀನು ತೆಗೆದದ್ದು ನನಗೇನು ಗೊತ್ತು? ಅದನ್ನೇ ತಾ ಮತ್ತೆ.”

“ವಿಡಿಯೊದವನೂ ಅಳಿಸಿಯೇ ತುಂಬಿದ್ದು.”

ಪುಟ್ಟಿ ಇದ್ದದ್ದು ಹೋದ ಆ ಎರಡರಲ್ಲೇ. ಉಳಿದ ಡಿಸ್ಕಿನಲ್ಲಿ ಅಳಿಯನ ಮದುವೆಯ ವಿಡಿಯೊ ಪೂರ್ತಿ ಇತ್ತು.

“ಸದ್ಯ, ಮದುವೆದಾದ್ರೂ ಉಳೀತಲ್ಲ” ಎಂದಳು ಸತ್ತವನ ತಂಗಿ. “ಬಿಡಿ ಅತ್ತಿಗೆ, ಮಗು ಹೋಗಿ ಎಷ್ಟು ಕಾಲವಾಯ್ತು! ಇವತ್ತು ಅಳಬೇಕಾದ್ದು ಅಣ್ಣನಿಗೆ.”

ಮಗನಿಗೆ ಏನಾದರೂ ಮಾಡಬೇಕೆನಿಸಿತು. ವಿಡಿಯೊದವನು ಕೊಟ್ಟ ಡಿಸ್ಕನ್ನು ಟೀವಿಗೆ ಸಿಕ್ಕಿಸಿದ. “ಅಪ್ಪನ್ನಾದ್ರೂ ನೋಡಮ್ಮ.”

ತೆರೆಯ ಮೇಲೆ ಶವವಾಹನದ ಬಾಗಿಲು ಹಾಕುತ್ತಿದ್ದರು. ಯಾರದೋ ಚಪ್ಪಲಿ ಸಿಕ್ಕಿಕೊಂಡು ಅದು ಮತ್ತೆ ಮತ್ತೆ ತೆರೆದುಕೊಳ್ಳುತ್ತಿತ್ತು. ಹಿಂದೆ ಯಾರೋ ನಕ್ಕದ್ದೂ ಕೇಳಿಸಿತು. ಅವಳು ಕಣ್ಣು ತೆಗೆಯದೆ ನೋಡಿದಳು. ಪುಟ್ಟಿ ಎಲ್ಲೂ ಬರಲಿಲ್ಲ.

ಗಂಡ ಕೊಟ್ಟಿದ್ದ ಮಾತು, ಅವನನ್ನು ಸುಡುವ ಮೊದಲೇ ಮುರಿದಿತ್ತು.