ಮೇಸ್ತ್ರಿ ಹೇಳದೆ ಬಿಟ್ಟ ಕಾಲುವೆ

ಗುಡ್ಡದ ಬದಿಯಲ್ಲಿ ಮನೆ ಮಾಡಿದವರದೆಲ್ಲ ಒಂದೇ ಗೋಳು: ಸುರಿದ ಮಳೆನೀರು ಹೋಗುವುದೆಲ್ಲಿಗೆ? ಮೇಲಿನವರು ಕೆಳಗಿನವರ ಅಂಗಳಕ್ಕೆ ತಿರುಗಿಸುತ್ತಾರೆ, ಕೆಳಗಿನವರು ಮೇಲಿನವರಿಗೆ ಶಾಪ ಹಾಕುತ್ತಾರೆ. ಈ ಜಗಳದಲ್ಲಿ ನಮ್ಮ ಮೇಸ್ತ್ರಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಬಿಡುವುದಾದರೂ ಹೇಗೆ? ಓಣಿಯ ತುತ್ತತುದಿಯ ಮನೆ ಅವನದು. ಅವನು ಬಂದಾಗ ಸುತ್ತ ಒಂದು ಗುಡಿಸಲೂ ಇರಲಿಲ್ಲ. ಮನೆಯ ಹಿಂಬದಿಗೆ ಒಂದು ಕಾಲುವೆ ಇತ್ತು. ಗುಡ್ಡದ ನೀರೆಲ್ಲ ಅದರಲ್ಲೇ ಇಳಿಯುತ್ತಿತ್ತು, ಆದರೆ ವರ್ಷದಲ್ಲಿ ಹತ್ತು ತಿಂಗಳು ಕಾಲುವೆ ಒಣಗಿರುತ್ತಿತ್ತು. ಎಲ್ಲೇ ಹಳೆ ಗೋಡೆ ಕೆಡವಿದರೂ ಮೇಸ್ತ್ರಿ ಒಡೆದ ಇಟ್ಟಿಗೆ, ಗಾರೆಪುಡಿ ತಂದು ಅದಕ್ಕೇ ಸುರಿದ. ಮೂರು ವರ್ಷದಲ್ಲಿ ಕಾಲುವೆ ಮುಚ್ಚಿಹೋಯಿತು. ಅದರ ಮೇಲೆ ಸಾಮಾನಿಡಲು ತಗಡಿನ ಶೆಡ್ಡು ಕಟ್ಟಿದ. ಹೆಂಡತಿ ಮಕ್ಕಳಿಲ್ಲದವನು, ತನ್ನವರೆಂದು ಇದ್ದದ್ದು ಅಕ್ಕ, ಭಾವ. ಅವರನ್ನೂ ಕರೆಸಿ, ಶೆಡ್ಡಿನಿಂದ ಕೆಳಗಿನ ಇಳಿಜಾರಿನಲ್ಲಿ ಕೈಯಾರೆ ಮನೆ ಕಟ್ಟಿಕೊಟ್ಟ. ಪ್ರೀತಿಯಿಂದಲೇ ಕಟ್ಟಿಕೊಟ್ಟ, ಪಾಪ.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ, ಗುಡ್ಡ ಎಲ್ಲೆಲ್ಲಿ ಜಾರಬಹುದೆಂದು ನಕ್ಷೆ ಬರೆಯುವ ಒಬ್ಬ ಹೆಣ್ಣುಮಗಳು ಸುರುಳಿ ಸುತ್ತಿದ ಹಾಳೆ ಹಿಡಿದು ಮನೆಮನೆಗೂ ಬಂದಳು. ಓಣಿಯವರು ಅವಳಿಗೆ ‘ನಕ್ಷೆ ಅಕ್ಕ’ ಎಂದೇ ಹೆಸರಿಟ್ಟರು.

"ಇದರಿಂದ ಏನುಪಯೋಗ?" ಎಂದು ಮೇಸ್ತ್ರಿ ಕೇಳಿದ.

"ಗುಡ್ಡ ಎಷ್ಟು ಕಡಿದಾಗಿದೆ, ಮಣ್ಣು ಎಂಥದ್ದು, ಮರ ಉಳಿದಿದ್ಯಾ, ನೀರು ಎಲ್ಲಿ ಹರಿಯತ್ತೆ, ನಾವು ಎಲ್ಲಿ ಅಗೆದಿದೀವಿ, ಎಲ್ಲಿ ತುಂಬಿದೀವಿ, ಎಲ್ಲಾ ಸೇರಿಸಿ ನೋಡ್ತೀವಿ. ಅಪಾಯ ಜಾಸ್ತಿ ಇದ್ರೆ ಕೆಂಪು, ಮಧ್ಯಮಕ್ಕೆ ಹಳದಿ, ಕಮ್ಮಿ ಇದ್ರೆ ಹಸಿರು. ಕೆಂಪು ಬಂದ ಮನೆಯವರನ್ನ ಜೋರು ಮಳೆಗೆ ಮುಂಚೆನೇ ಬೇರೆ ಕಡೆ ಇರಿಸ್ತಾರೆ."

"ಇಪ್ಪತ್ತು ವರ್ಷದಿಂದ ಗೋಡೆ ಕಟ್ತಿದೀನಮ್ಮ. ನೆಲದ ಗುಣ ನನಗೇ ಹೇಳ್ಕೊಡೋಕೆ ಬಂದ್ರಾ?"

"ಹೇಳ್ಕೊಡೋಕಲ್ಲ, ಕೇಳೋಕೆ ಬಂದೆ. ಮೇಲಿಂದ ತೆಗೆದ ಫೋಟೋದಲ್ಲಿ ನಿಮ್ಮ ಶೆಡ್ಡಿನ ತಗಡು ಕಾಣತ್ತೆ, ಅದರ ಕೆಳಗೇನಿತ್ತು ಅಂತ ಕಾಣಲ್ಲ. ಅದನ್ನ ನೀವೇ ಹೇಳ್ಬೇಕು. ಡಾಕ್ಟರ ಹತ್ರ ಕಾಯಿಲೆ ಮುಚ್ಚಿಟ್ರೆ ಆಗತ್ತಾ? ಇಲ್ಲಿ ತಗ್ಗು, ಕಾಲುವೆ ಏನಾದ್ರೂ ಇತ್ತಾ?"

ಹೇಳಿದರೆ ಶೆಡ್ಡು ಕೆಡವಿಸುತ್ತಾರೆ ಎಂದು ಮೇಸ್ತ್ರಿಗೆ ಅಳುಕು.

"ಏನೂ ಇರ್ಲಿಲ್ಲ. ನಾನು ಬಂದಾಗಿಂದ ಗಟ್ಟಿ ನೆಲ."

ಅವಳು ಹಾಗೇ ಬರೆದುಕೊಂಡಳು. ಮೇಸ್ತ್ರಿಯ ಅಕ್ಕನ ಮನೆಗೂ ಅದರ ಕೆಳಗಿನ ಹತ್ತು ಮನೆಗೂ ಹಸಿರು ಬಣ್ಣ ಬಂತು.

ಆ ಮಳೆಗಾಲದಲ್ಲಿ ಮೂರು ದಿನ ಬಿಡದೆ ಸುರಿಯಿತು. ನೀರಿಗೆ ತನ್ನ ಹಳೇ ದಾರಿ ಮರೆತುಹೋಗುತ್ತದೆಯೇ? ಮೂರನೆಯ ದಿನ ಬೆಳಗ್ಗೆ ಎಂಟರ ಹೊತ್ತಿಗೆ ಕಾಲುವೆಗೆ ತುಂಬಿದ್ದ ಮಣ್ಣು ಅಂಬಲಿಯಂತಾಗಿ, ಶೆಡ್ಡಿನ ಸಮೇತ ಅಕ್ಕನ ಮನೆಯ ಹಿಂದಿನ ಗೋಡೆಗೆ ಅಪ್ಪಳಿಸಿತು. ಅಕ್ಕ ಮನೆ ಮುಂದಿನ ನಲ್ಲಿಯ ಹತ್ತಿರ ಇದ್ದಳು. ಭಾವ ಒಳಗಿದ್ದ. ಅವನು ಕ್ಷೌರಿಕ, ದಿನವಿಡೀ ನಿಂತೇ ದುಡಿಯುವವನು. ಗೋಡೆ ಎಡಗಾಲ ಮೇಲೆ ಬಿತ್ತು. ಮಂಡಿಯಿಂದ ಕೆಳಗೆ ಉಳಿಸಲು ವೈದ್ಯರಿಂದ ಆಗಲಿಲ್ಲ.

ಮಳೆ ನಿಂತ ಮೇಲೆ ನಕ್ಷೆ ಅಕ್ಕ ಮತ್ತೆ ಬಂದಳು. ಅಕ್ಕ ಭಾವ ಬಾಡಿಗೆಗೆ ಹಿಡಿದಿದ್ದ ಒಂಟಿ ಕೋಣೆಯಲ್ಲಿ ಕೂತು ಕಣ್ಣೊರೆಸಿಕೊಂಡಳು.

"ಹಸಿರು ಬಳಿದವಳು ನಾನೇ. ಎಲ್ಲಿ ತಪ್ಪಿದೆನೋ ಗೊತ್ತಾಗ್ತಿಲ್ಲ. ಅದು ಗೊತ್ತಾಗದೆ ಆ ಹತ್ತು ಮನೆಯವರಿಗೆ ಏನು ಹೇಳ್ಲಿ?"

ಮೇಸ್ತ್ರಿ ಬಾಗಿಲಲ್ಲೇ ನಿಂತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದವರೇ ಇಲ್ಲ, ಆದರೂ ಅವನು ಹೊಸ್ತಿಲಾಚೆಗೆ ಒಂದು ಹೆಜ್ಜೆ ಸರಿದ.

"ನೀವೇನ್ ಮಾಡ್ತೀರಮ್ಮ," ಎಂದಳು ಅಕ್ಕ. "ನೆಲದೊಳಗಿನ ಸಂಗತಿ ಯಾರಿಗೆ ಗೊತ್ತಿರತ್ತೆ?"

"ನನಗೆ ಗೊತ್ತಿತ್ತು ಅಕ್ಕಾ," ಎಂದುಬಿಟ್ಟ ಮೇಸ್ತ್ರಿ. ಆಮೇಲೆ ಒಂದನ್ನೂ ಮುಚ್ಚಿಡದೆ ಹೇಳಿದ.

ಅಕ್ಕ ಅವನತ್ತ ತಿರುಗಲೇ ಇಲ್ಲ. ನಕ್ಷೆ ಅಕ್ಕನನ್ನೇ ಕೇಳಿದಳು: "ಇವನು ಆವತ್ತೇ ಹೇಳಿದ್ರೆ ನಮ್ಮನ್ನ ಬೇರೆ ಕಡೆ ಇರಿಸ್ತಿದ್ರಾ?"

"ಹೂಂ. ಕೆಂಪು ಬರ್ತಿತ್ತು."

ಹಾಸಿಗೆಯಿಂದ ಭಾವನ ದನಿ ಬಂತು: "ನನ್ನ ಕಾಲಂತೂ ವಾಪಸ್ ಬರಲ್ಲ. ಕಾಲುವೆ ಎಲ್ಲಿಂದ ಎಲ್ಲಿವರೆಗಿತ್ತು, ಮೊದಲು ಗೆರೆ ಎಳಿಯೋ."

ಮೇಸ್ತ್ರಿ ನಕ್ಷೆಯ ಮೇಲೆ ಗೆರೆ ಎಳೆದ. ಹತ್ತೂ ಮನೆ ಕೆಂಪಾದವು, ಈ ವರ್ಷದ ಮಳೆಗೆ ಮುಂಚೆಯೇ ಖಾಲಿಯಾದವು. ಮೇಸ್ತ್ರಿ ತಾನು ಸುರಿದದ್ದರಲ್ಲಿ ಉಳಿದಿದ್ದ ಮಣ್ಣನ್ನು ತಾನೇ ತೋಡಿ ತೆಗೆದು ಕಾಲುವೆ ಬಿಡಿಸಿದ. ಈ ಸಲವೂ ಗುಡ್ಡ ಜಾರಿತು, ಯಾರಿಗೂ ಗಾಯವಾಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವುದು ಇದಕ್ಕೇ. ಅಕ್ಕ ಇವತ್ತಿಗೂ ಅವನಿಗೆ ಊಟಕ್ಕೆ ಬಡಿಸುತ್ತಾಳೆ. ‘ತಮ್ಮಾ’ ಎಂದು ಮಾತ್ರ ಕರೆಯುವುದಿಲ್ಲ.

ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಬಾಗಿಲಿಗೂ ನಕ್ಷೆಯವರು ಬರುತ್ತಾರೆ. ಕೂರಿಸಿ ಮಾತಾಡಿ. ಮುಚ್ಚಿದ ಕಾಲುವೆ, ಕಡಿದ ಮರ, ಅಗೆದ ದಿಣ್ಣೆ, ಯಾವುದನ್ನೂ ಬಚ್ಚಿಡಬೇಡಿ. ಬಂದ ಬಣ್ಣ ಕೆಂಪಾದರೆ ಜಗಳಕ್ಕೆ ನಿಲ್ಲದೆ ಗಂಟುಮೂಟೆ ಕಟ್ಟಿ ಹೊರಡಿ. ನಿಜ ಹೇಳಿದರೆ ಒಂದು ಶೆಡ್ಡು ಹೋದೀತು. ಹೇಳದಿದ್ದರೆ ಏನು ಹೋಗುತ್ತದೆ ಎಂದು ಮೇಸ್ತ್ರಿಯ ಅಕ್ಕನನ್ನು ಕೇಳಿ.