ಡಿಕ್ಕಿಯೊಳಗಿನ ಐದನೇ ಟೈರು

ನಾನು ಒಂದು ಟೈರು. ಕಾರಿನ ಐದನೇ ಟೈರು. ಜನ ಸ್ಟೆಪ್ನಿ ಎನ್ನುತ್ತಾರೆ. ಹುಟ್ಟಿದ್ದು ೨೦೧೫ರ ಮೂವತ್ತೆಂಟನೇ ವಾರ. ಇದು ಅಂದಾಜಲ್ಲ. ನನ್ನ ಪಕ್ಕೆಯ ಮೇಲೆ 3815 ಎಂದು ಅಚ್ಚಾಗಿದೆ: ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. ರಬ್ಬರು, ಮಸಿಪುಡಿ, ಉಕ್ಕಿನ ತಂತಿ ಸೇರಿಸಿ ಅಚ್ಚಿನಲ್ಲಿ ಬೇಯಿಸಿದರು. ಹೊರಬಂದಾಗ ಮೈತುಂಬ ರಬ್ಬರಿನ ಎಳೆ ಕೂದಲಿತ್ತು. ರಸ್ತೆಗಿಳಿದ ಟೈರಿಗೆ ಅದು ಬೇಗ ಸವೆದುಹೋಗುತ್ತದೆ. ನನಗೆ ಹೋಗಲೇ ಇಲ್ಲ.

ಕಾರು ಜೋಡಿಸುವ ಕೆಲಸಗಾರ ಕೈಗೆ ಸಿಕ್ಕ ನಾಲ್ಕು ಟೈರುಗಳನ್ನು ಹೊರಗೆ ಹಾಕಿದ. ಉಳಿದ ನನ್ನನ್ನು ಡಿಕ್ಕಿಯ ಗುಣಿಯಲ್ಲಿ ಇಳಿಸಿ, ನಡುವೆ ಬೋಲ್ಟು ಬಿಗಿದು, ಮೇಲೆ ಹಲಗೆ ಮುಚ್ಚಿದ. ಅವನಿಗೆ ನನ್ನ ಮೇಲೆ ದ್ವೇಷವೇನೂ ಇರಲಿಲ್ಲ. ಐದರಲ್ಲಿ ಒಂದು ಒಳಗೆ ಹೋಗಬೇಕಿತ್ತು, ಅಷ್ಟೇ.

ಕಾರು ಬಳ್ಳಾರಿಗೆ ಬಂತು. ಮೇ ತಿಂಗಳಲ್ಲಿ ಮುಚ್ಚಿದ ಡಿಕ್ಕಿ ಹೇಗಿರುತ್ತದೆಂದು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಅಲುಗಾಡಲು ಜಾಗವಿಲ್ಲ, ಜೊತೆಗೆ ಒಂದು ಜಾಕಿ, ಒಂದು ಪಾನಾ. ರಸ್ತೆಯನ್ನು ನಾನು ಕಿವಿಯಿಂದಷ್ಟೇ ಬಲ್ಲೆ. ಡಾಂಬರಾದರೆ ಒಂದೇ ಸಮ ಗುಂಯ್ ಅನ್ನುತ್ತದೆ, ಅದಿರಿನ ಲಾರಿ ಓಡಾಡುವ ಕಡೆ ಮರಳು ಹುರಿದಂತೆ ಸದ್ದು. ನಾಲ್ಕು ವರ್ಷಕ್ಕೆ ಹೊರಗಿನ ನಾಲ್ವರೂ ಸವೆದರು. ಮೊದಲ ಮಾಲೀಕ, ಒಬ್ಬ ಗುತ್ತಿಗೆದಾರ, ಬೇರೆ ನಾಲ್ಕನ್ನು ಹಾಕಿಸಿ, ನನ್ನನ್ನು ಒಮ್ಮೆ ಇಣುಕಿ ನೋಡಿ, "ಇದು ಇನ್ನೂ ಹೊಸದೇ ಐತೆ" ಎಂದು ಹಲಗೆ ಮುಚ್ಚಿದ. ಪಂಕ್ಚರ್ ಆದಾಗಲಾದರೂ ಕರೆದಾರು ಎಂದುಕೊಂಡಿದ್ದೆ. ಟ್ಯೂಬ್‌ಲೆಸ್ ಟೈರಿನ ಗಾಳಿ ನಿಧಾನಕ್ಕೆ ಇಳಿಯುತ್ತದೆ. ಪಂಕ್ಚರ್ ಆದ ಎರಡು ಸಲವೂ ಕಾರು ಅಂಗಡಿಯವರೆಗೆ ತಾನೇ ಹೋಯಿತು.

ಆಮೇಲೆ ಕಾರು ಗಾದಿಲಿಂಗಪ್ಪನವರ ಕೈಗೆ ಬಂತು. ಹೈಸ್ಕೂಲಿನ ಪಿ.ಟಿ. ಮಾಸ್ತರು. ಶಿಸ್ತಿನ ಮನುಷ್ಯ. ಓಡಿಸುತ್ತಿದ್ದುದು ಮಾತ್ರ ಹೆಂಡತಿ ಈರಮ್ಮ. ಸಂಡೂರಿನ ಕಡೆಯ ಹಳ್ಳಿಯೊಂದರ ಆಸ್ಪತ್ರೆಯಲ್ಲಿ ನರ್ಸು, ದಿನಾ ಹೋಗಿಬರಬೇಕು.

ವರ್ಷಕ್ಕೊಂದು ದಿನ, ಆಯುಧಪೂಜೆಗೆ, ಮಾಸ್ತರು ನನ್ನನ್ನು ಹೊರಗೆ ಎತ್ತುತ್ತಿದ್ದರು. ಹೊರಗಿನ ನಾಲ್ವರಿಗೆ ನೀರಷ್ಟೇ. ನನಗೆ ಡೀಸೆಲ್ ಅದ್ದಿದ ಬಟ್ಟೆ. ಕನ್ನಡಿಯಂತೆ ಹೊಳೆಯುವವರೆಗೆ ತಿಕ್ಕಿ, ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಮತ್ತೆ ಗುಣಿಗೆ. ಆ ಅರ್ಧ ಗಂಟೆಯ ಬೆಳಕಿಗಾಗಿ ನಾನು ವರ್ಷವಿಡೀ ಕಾಯುತ್ತಿದ್ದೆ. ಡೀಸೆಲ್ ರಬ್ಬರನ್ನು ತಿನ್ನುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಾಯಿತು. ಪಕ್ಕೆಯಲ್ಲಿ ಮೊದಲು ನವೆ, ಆಮೇಲೆ ಕೂದಲೆಳೆಯಂಥ ಬಿರುಕು. ಮೇಲೆ ಹೊಳಪು ಇದ್ದುದರಿಂದ ಯಾರಿಗೂ ಕಾಣಲಿಲ್ಲ.

ಕಳೆದ ವರ್ಷ ಮಳೆ ಶುರುವಾಗುವ ಮೊದಲು, ಹೊರಗಿನ ನಾಲ್ಕೂ ಬೋಳಾಗಿವೆಯೆಂದು ಕಾರನ್ನು ಖಾಜಾಸಾಬನ ಟೈರ್ ಅಂಗಡಿಗೆ ತಂದರು.

"ಮೂರು ಹೊಸದು ಹಾಕು ಖಾಜಾ," ಎಂದರು ಮಾಸ್ತರು. "ನಾಲ್ಕನೇದು ನನ್ನ ಹತ್ರ ಐತೆ. ನೋಡು, ಕೂದ್ಲು ಸೈತ ಹೋಗಿಲ್ಲ."

ಡಿಕ್ಕಿ ತೆರೆಯಿತು. ಬೋಲ್ಟು ಬಿಚ್ಚಿತು. ಅಂಗಡಿಯ ನೆಲದ ಮೇಲೆ ನಾನು ಉರುಳಿದೆ. ಹನ್ನೊಂದು ಹೆಜ್ಜೆ, ನನ್ನ ಜೀವಮಾನದ ಓಟ ಅದು. ಎಡ ಮುಂದಿನ ಚಕ್ರದ ಜಾಗ ಖಾಲಿಯಿತ್ತು. ನನ್ನ ಬಿರುಕು ನನಗೆ ಗೊತ್ತಿತ್ತು. ಆ ಸ್ಟೀರಿಂಗಿನ ಹಿಂದೆ ಕೂರುವವಳು ಯಾರೆಂಬುದೂ ಗೊತ್ತಿತ್ತು. ಆದರೂ ಒಂದೇ ಬೇಡಿಕೆ ನನ್ನದು: ಇವನು ನೋಡದಿರಲಿ. ಒಂಬತ್ತು ವರ್ಷ ಗುಣಿಯಲ್ಲಿ ಮಲಗಿದವರು ನನ್ನನ್ನು ಕ್ಷಮಿಸಿಯಾರು, ಉಳಿದವರು ಕ್ಷಮಿಸಬೇಕಿಲ್ಲ.

ಖಾಜಾಸಾಬ ಕೂದಲನ್ನು ನೋಡಲಿಲ್ಲ. ಕುಕ್ಕರಗಾಲಲ್ಲಿ ಕೂತು ನನ್ನನ್ನು ತಿರುಗಿಸಿ ಅಂಕಿ ಓದಿದ.

"ಸರ್, ಇದು ಹದಿನೈದನೇ ಇಸ್ವೀದು. ಒಂಬತ್ತು ವರ್ಷ ಆಯ್ತು."

"ಒಂದು ಮೈಲಿ ಓಡಿಲ್ಲ ಕಣೋ!"

"ಓಡದಿದ್ರೂ ವಯಸ್ಸಾಗ್ತದೆ ಸರ್. ನಮ್ಮಾವ ಮೂವತ್ತು ವರ್ಷದಿಂದ ಕಟ್ಟೆ ಬಿಟ್ಟು ಎದ್ದಿಲ್ಲ. ಹುಡುಗ ಆಗಿಬಿಟ್ನಾ?"

ಈರಮ್ಮ ನಕ್ಕಳು. ಮಾಸ್ತರಿಗೆ ನಗು ಬರಲಿಲ್ಲ. "ನಿನಗೆ ಇನ್ನೊಂದು ಟೈರು ಮಾರಬೇಕು, ಅದಕ್ಕೇ ಈ ಪುರಾಣ. ಇದನ್ನ ವರ್ಷಾ ವರ್ಷಾ ನಾನೇ ಡೀಸೆಲ್ ಹಾಕಿ ತಿಕ್ಕೀನಿ. ಹಾಕು."

"ಡೀಸೆಲ್ಲಾ?" ಎಂದ ಖಾಜಾಸಾಬ. ಗಾಳಿಯ ಪೈಪು ಸಿಕ್ಕಿಸಿದ. ನನ್ನೊಳಗೆ ಗಾಳಿ ತುಂಬಿತು, ಮೈ ಬಿಗಿಯಿತು. ಬಿಗಿದಷ್ಟೂ ಬಿರುಕುಗಳು ಬಾಯಿ ತೆರೆದವು. ಒಣಗಿದ ಕೆರೆಯ ತಳದಂತೆ ಕಾಣುತ್ತಿದ್ದಿರಬೇಕು. ಅವನು ಒಂದು ಬಿರುಕಿಗೆ ಉಗುರು ತೂರಿಸಿದ. ಅರ್ಧ ಉಗುರು ಒಳಗೆ ಹೋಯಿತು.

"ಅಕ್ಕಾ, ಇಲ್ಲಿ ಬನ್ನಿ. ಓಡಿಸೋರು ನೀವು."

ಈರಮ್ಮ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ರೀ, ಈ ಟೈರ್ ಹಾಕಿಸ್ರಿ. ಆದ್ರೆ ನಾಳೆಯಿಂದ ಲಾರಿಗಳ ಮಧ್ಯೆ ನೀವು ಓಡಿಸ್ರಿ. ನಾನು ಬಸ್ಸಿಗೆ ಹೋಗ್ತೀನಿ."

ಮಾಸ್ತರು ನನ್ನ ಪಕ್ಕೆ ಮುಟ್ಟಿದರು. ಅವರ ಬೆರಳು ಬಿರುಕಿನ ಉದ್ದಕ್ಕೂ ನಿಧಾನವಾಗಿ ಸರಿದು, ಕೊನೆಯಲ್ಲಿ ನಿಂತಿತು. "ನಾನೇ ಕೆಡಿಸಿದೆನೇನೋ," ಎಂದರು. ಕೈ ಒರೆಸಿಕೊಂಡು ಎದ್ದರು. "ಐದೂ ಹೊಸದು ಹಾಕು."

ಹೊಸಬರು ಬಂದರು. ಖಾಜಾಸಾಬ ಒಂದೊಂದರ ಅಂಕಿ ಓದಿ ಹೇಳಿದ, ಈರಮ್ಮ ತಾನೂ ಬಗ್ಗಿ ಓದಿ ತಲೆಯಾಡಿಸಿದಳು. ಐವರಲ್ಲಿ ಒಬ್ಬನನ್ನು ನನ್ನ ಗುಣಿಗೆ ಇಳಿಸಿದರು. ಅವನ ಮೇಲೆ ಹಲಗೆ ಮುಚ್ಚಿದ ಸದ್ದನ್ನು ನಾನು ಮೊದಲ ಸಲ ಹೊರಗಿನಿಂದ ಕೇಳಿದೆ.

ಕಾರು ಹೋದ ಮೇಲೆ ಖಾಜಾಸಾಬ ಚೂರಿ ತಂದು ನನ್ನ ಪಕ್ಕೆಯನ್ನು ಎರಡು ಕಡೆ ಸೀಳಿದ. ಸೀಳದಿದ್ದರೆ ಯಾರಾದರೂ ಎತ್ತಿಕೊಂಡು ಹೋಗಿ ಸೆಕೆಂಡ್ ಹ್ಯಾಂಡ್ ಎಂದು ಮಾರುತ್ತಾರೆ. ನಾನು ನೋಡಲು ಅಷ್ಟು ಹೊಸಬ. ಆಮೇಲೆ, ಲಾರಿಗಳು ಅಂಗಡಿಯೊಳಗೆ ನುಗ್ಗದಿರಲೆಂದು, ರಸ್ತೆಯಂಚಿನಲ್ಲಿ ನನ್ನನ್ನು ಅರ್ಧ ಹೂತ.

ಈಗಲೂ ಅಲುಗಾಡುವಂತಿಲ್ಲ. ಸೊಂಟದವರೆಗೆ ಮಣ್ಣು. ರಸ್ತೆ ನಾಲ್ಕು ಅಡಿ ಆಚೆ ಇದೆ, ನನಗೆ ಅದು ಎಟುಕುವುದಿಲ್ಲ. ಬೆಳಿಗ್ಗೆ ಎಂಟೂವರೆಗೆ ಈರಮ್ಮನ ಕಾರು ಸಂಡೂರಿನ ಕಡೆ ಹೋಗುತ್ತದೆ. ಎಡ ಮುಂದಿನ ಚಕ್ರ ನನ್ನ ಎದುರಿಗೇ ಹಾದುಹೋಗುವಾಗ ಹೊಟ್ಟೆಕಿಚ್ಚಾಗುವುದು ಸುಳ್ಳಲ್ಲ. ಸಂಜೆ ಆರಕ್ಕೆ, ಅವಳು ಮರಳುವ ಹೊತ್ತಿಗೆ, ಆ ಹೊಟ್ಟೆಕಿಚ್ಚು ಇರುವುದಿಲ್ಲ. ಆಗ ದಾರಿಯನ್ನಷ್ಟೇ ನೋಡುತ್ತಿರುತ್ತೇನೆ. ಆರೂಕಾಲಾದರೂ ಕಾರು ಕಾಣದಿದ್ದರೆ, ಸದ್ಯ, ಆ ನಾಲ್ಕರಲ್ಲಿ ನಾನಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.