ಯಾರೂ ಕರೆಯದ ತಾಳ

ಬಂಗಾರಪೇಟೆಯ ರೈಲಿಳಿದು ಏದುಸಿರು ಬಿಡುತ್ತಾ ಬಂದ ಅನಸೂಯಮ್ಮ, ಕೋರಮಂಡಲ್ ಗಣಿ ಕೆಲಸಗಾರರ ಮನೆಗಳ ಲೈನಿನ ಮೂಲೆಯಲ್ಲಿ ತಮಟೆಯವರು ಹಚ್ಚಿದ್ದ ಹುಲ್ಲಿನ ಬೆಂಕಿಗೆ ಕಾಲಿನಿಂದಲೇ ಮಣ್ಣು ನೂಕಿದಳು.

"ಬ್ಯಾಡ ಕಣ್ರಪ್ಪಾ, ಬಡೀಬ್ಯಾಡ್ರಿ. ಕೈ ಮುಗೀತೀನಿ."

ಚರ್ಮ ಕಾಯಿಸುತ್ತಿದ್ದವರು ತಮಟೆಗಳನ್ನು ಎದೆಗೊತ್ತಿಕೊಂಡು ಹಿಂದೆ ಸರಿದರು. ಅವರಲ್ಲಿ ಹಿರಿಯನಾದ ಮುನಿನಾರಾಯಣಪ್ಪ ಬೂದಿಕೋಟೆ ಕಡೆಯವನು. ಕಣ್ಣು ಕಿರಿದು ಮಾಡಿ ನೋಡಿದ.

"ಯಾರಮ್ಮಾ ನೀನು? ಸಾವಿನ ಮನೆ ಮುಂದ್ಲ ಬೆಂಕಿಗೆ ಮಣ್ಣಾಕ್ತೀಯಲ್ಲ?"

ಅವಳು ಉತ್ತರ ಕೊಡುವ ಮೊದಲೇ ಆಂಜಿನಪ್ಪ ಮನೆಯೊಳಗಿಂದ ಬಂದ. ಸತ್ತವಳ ತಮ್ಮ. ಅತ್ತು ಅತ್ತು ಮುಖ ಊದಿಕೊಂಡಿತ್ತು.

"ಅನಸೂಯಕ್ಕಾ, ಬಂದ್ಯಾ? ಒಳಗೋಗಿ ಮಕ ನೋಡು. ಇಲ್ಲಿ ನಿಂಗೇನು ಕೆಲ್ಸ?"

"ಇಲ್ಲೇ ಕಣೋ ಕೆಲ್ಸ ಇರೋದು. ಹೋದ ತಿಂಗ್ಳು ನಿಮ್ಮಕ್ಕ ನನ್ ಕೈ ಹಿಡ್ಕಂಡು ಮಾತು ತಗಂಡವ್ಳೆ. ನನ್ ಹೆಣದ ಮುಂದೆ ಯಾರನ್ನೂ ಕರ್ಸಿ ಬಡಿಸ್ಬ್ಯಾಡ, ನಮ್ ತಾಳದ ಪೆಟ್ಗೆ ಹಾಕ್ಬಿಡು ಅಂದ್ಲು. ಹೂಂ ಅಂದಿದೀನಿ."

ಆಂಜಿನಪ್ಪ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ.

"ತಮಟೆ ಇಲ್ದೆ ಎತ್ತಾಕೆ ಅವ್ಳೇನು ಅನಾಥ ಹೆಣಾನಾ? ನಮ್ಮಪ್ಪನ ವಿದ್ಯೆ ಕಣಕ್ಕಾ ಅದು. ನನ್ ಮಂಡಿ ಮೇಲೆ ತಾಳ ಬಡ್ದು ಬಡ್ದು ಕಲಿಸ್ತು ಅಪ್ಪ. ಮದುವೆ ಮಾಡ್ಕಳ್ದೆ ನನ್ನ ಸಾಕಿದ್ಲು ಅಕ್ಕ. ಅವ್ಳಿಗೆ ಒಂದು ತಮಟೆ ಬಡಿಸ್ದೆ ಇದ್ರೆ ನಾನೆಂಗೆ ಈ ಲೈನಲ್ಲಿ ತಲೆ ಎತ್ಲಿ?"

ಅವನ ಮಾತಿನಲ್ಲೂ ಸುಳ್ಳಿರಲಿಲ್ಲ. ಅದಕ್ಕೇ ಅನಸೂಯಮ್ಮನಿಗೆ ಕಷ್ಟವಾಯಿತು. ಕೆಟ್ಟವನ ಜೊತೆಯಾದರೆ ಜಗಳ ಕಾಯಬಹುದು. ತನ್ನಷ್ಟೇ ಅತ್ತವನ ಜೊತೆ ಏನು ಜಗಳ?

ಅವಳು ಒಳಗೆ ಹೋದಳು. ಸತ್ತ ಮುತ್ಯಾಲಮ್ಮನನ್ನು ಚಾಪೆಯ ಮೇಲೆ ಮಲಗಿಸಿದ್ದರು. ನಲವತ್ತು ದಾಟಿ ಕೆಲವು ವರ್ಷವಾಗಿತ್ತು, ಅಷ್ಟೆ. ಎದೆಯ ಕಾಯಿಲೆ ಅವಳನ್ನು ಮಗುವಿನಷ್ಟು ಚಿಕ್ಕದು ಮಾಡಿಬಿಟ್ಟಿತ್ತು. ಪಕ್ಕದ ಮನೆಯ ಪೆದ್ದಮ್ಮ ತಲೆಯ ಹತ್ತಿರ ಕೂತು, "ಅಂಗನವಾಡಿ ಮಕ್ಳು ಬಾಗ್ಲತ್ರ ಬಂದು ಆಯಮ್ಮ ಆಡಾಕೆ ಬರಲ್ವಾ ಅಂತ ಕೇಳ್ತವೆ ಕಣ್ ತಾಯೀ, ಏನಂತ ಯೋಳ್ಲಿ" ಎಂದು ಅಳುತ್ತಿದ್ದಳು. ಈ ತೊಂಬತ್ತನಾಲ್ಕರಲ್ಲಿ ಕೋರಮಂಡಲ್‌ನವರಿಗೆ ಮುತ್ಯಾಲಮ್ಮ ಅಂದರೆ ಅಂಗನವಾಡಿಯ ಆಯಾ. ಮೈಕಿನ ಮುಂದೆ ನಿಂತು ಹಾಡುತ್ತಿದ್ದ ಮುತ್ಯಾಲುವನ್ನು ಜನ ಮರೆತು ಎಷ್ಟೋ ಕಾಲವಾಗಿತ್ತು.

ಅನಸೂಯಮ್ಮ ಅವಳ ಕೆನ್ನೆ ಮುಟ್ಟಿದಳು. ತಣ್ಣಗಿತ್ತು. "ಶ್ರುತಿ ಕೊಡ್ಲೇನೆ?" ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡಳು.

*

ಎಪ್ಪತ್ತೊಂಬತ್ತರಲ್ಲಿ ಮುತ್ಯಾಲು ಮದರಾಸಿನಿಂದ ಆ ಪೆಟ್ಟಿಗೆಯನ್ನು ಮಗುವಿನ ಹಾಗೆ ಸೆರಗಲ್ಲಿ ಮುಚ್ಚಿಕೊಂಡು ತಂದಿದ್ದಳು. ಗುಂಡಿ ಒತ್ತಿದರೆ ತನ್ನಷ್ಟಕ್ಕೆ ತಾಳ ಹಾಕುವ ವಿದೇಶಿ ಪೆಟ್ಟಿಗೆ. ಅನಸೂಯ ಆಗ ಊರಿಗಾಂ ಭಜನೆ ಮಂದಿರದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದಳು, ಮುತ್ಯಾಲು ಅಲ್ಲೇ ಹಾಡುತ್ತಿದ್ದಳು.

"ನೋಡೇ, ಈ ತಾಳಕ್ಕೆ ಕೈಯೇ ಇಲ್ಲ," ಎಂದಿದ್ದಳು ಮುತ್ಯಾಲು. "ಯಾವ ಕೇರಿ ಕೈ ಅಂತ ಯಾವನೂ ಕೇಳಂಗಿಲ್ಲ."

ಆ ಮಾತಿನ ಹಿಂದೆ ಅವಳ ಅಪ್ಪ ಸೊಣ್ಣಪ್ಪನಿದ್ದ. ಬೂದಿಕೋಟೆ ಕಡೆಯ ಹಳ್ಳಿಯಲ್ಲಿ ದೊಡ್ಡ ಮನೆಗಳವರು ಯಾರು ಸತ್ತರೂ ಅವನಿಗೆ ಕರೆ ಬರುತ್ತಿತ್ತು. ತುತ್ತು ಬಾಯಲ್ಲಿರಲಿ, ಜ್ವರ ಮೈಯಲ್ಲಿರಲಿ, ಎದ್ದು ಹೋಗಿ ಹೆಣದ ಮುಂದೆ ತಮಟೆ ಬಡಿಯಬೇಕು. ಅದೇ ಬೇಸರಕ್ಕೆ ಗಣಿಗೆ ಬಂದು ಸೇರಿದ. ಕರೆ ಗಣಿಗೂ ಹುಡುಕಿಕೊಂಡು ಬಂತು. ಇಲ್ಲ ಅನ್ನುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ಗಣಿಯ ಲ್ಯಾಂಪ್ ರೂಮಿನಲ್ಲಿ ತಲೆದೀಪಗಳಿಗೆ ಚಾರ್ಜ್ ಹಾಕುತ್ತಿದ್ದ ಕುಪ್ಪುಸ್ವಾಮಿ ಮೂರನೆಯವನಾಗಿ ಸೇರಿದ. ಕೆಟ್ಟುಹೋದ ಎಲೆಕ್ಟ್ರಿಕ್ ಆರ್ಗನ್ ಒಂದನ್ನು ಎಲ್ಲಿಂದಲೋ ತಂದು ಅನಸೂಯಳಿಗಾಗಿ ಸರಿಮಾಡಿದ. ತಾಳದ ಪೆಟ್ಟಿಗೆಯನ್ನೂ ಒಂದು ಸ್ಪೀಕರನ್ನೂ ಟೀ ಪೆಟ್ಟಿಗೆಯ ಹಲಗೆಗಳಿಂದ ಮಾಡಿದ ಒಂದೇ ಗೂಡಿನಲ್ಲಿ ಕೂರಿಸಿ, ಮೇಲೆ ಕೆಂಪು ಬಣ್ಣದಲ್ಲಿ 'ಮುತ್ಯಾಲು ಎಲೆಕ್ಟ್ರಾನಿಕ್ ವಾದ್ಯವೃಂದ' ಎಂದು ಬರೆದ. ಮೂರೇ ಜನರ ವೃಂದ. ಹೆಸರೇ ವೃಂದಕ್ಕಿಂತ ಉದ್ದವಾಯಿತು ಎಂದು ಮೂವರೂ ನಕ್ಕಿದ್ದರು.

ಮೊದಲ ಕಾರ್ಯಕ್ರಮ ಬೂದಿಕೋಟೆಯ ಗಣೇಶನ ಮುಂದೆ. ಹೆಂಗಸು ಮುಂದೆ ನಿಂತು ಹಾಡುವುದು, ಇನ್ನೊಬ್ಬಳು ಆರ್ಗನ್ ನುಡಿಸುವುದು, ತಾಳ ಹಾಕುವವನೇ ಕಾಣದಿರುವುದು. ಜನ ಬಾಯಿ ಬಿಟ್ಟುಕೊಂಡು ಕೂತಿದ್ದರು. "ಪೆಟ್ಗೆಯೊಳ್ಗೆ ಯಾವನನ್ನೋ ಕೂರ್ಸವ್ರೆ" ಎಂದು ಒಬ್ಬಾತ ಬಗ್ಗಿ ನೋಡಿಯೂ ಬಿಟ್ಟ. ಮುತ್ಯಾಲು ಎರಡನೇ ಹಾಡಿನ ನಡುವೆ ಇದ್ದಾಗ ಕರೆಂಟು ಹೋಯಿತು.

ಆರ್ಗನ್ ಸತ್ತಿತು, ಪೆಟ್ಟಿಗೆ ಸತ್ತಿತು. ಕತ್ತಲಲ್ಲಿ ಯಾರೋ ಶಿಳ್ಳೆ ಹಾಕಿದರು. ಮುತ್ಯಾಲುವಿನ ದನಿ ನಡುಗಿ, ಇನ್ನೇನು ನಿಲ್ಲಬೇಕು, ಅಷ್ಟರಲ್ಲಿ ಜನರ ಹಿಂದಿನಿಂದ ತಾಳ ಬಂತು. ಪೆಟ್ಟಿಗೆ ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ, ಅದೇ ನಡೆ. ಮುತ್ಯಾಲು ಆ ತಾಳವನ್ನು ಹಿಡಿದುಕೊಂಡು ಹಾಡು ಮುಗಿಸಿದಳು. ದೀಪ ಬಂದಾಗ ಸೊಣ್ಣಪ್ಪ ಖಾಲಿ ಸೀಮೆಎಣ್ಣೆ ಡಬ್ಬದ ಮೇಲಿಂದ ಕೈ ತೆಗೆದು, ಏನೂ ಅರಿಯದವನಂತೆ ಬೀಡಿ ಹಚ್ಚುತ್ತಿದ್ದ.

ಕಾರ್ಯಕ್ರಮ ಮುಗಿದ ಮೇಲೆ ಮಗಳು ಅವನ ಮೇಲೆ ರೇಗಿದಳು. "ನಿನ್ ಕೈಗೆ ಬಡಿಯೋದು ಬಿಡಿಸ್ಬೇಕು ಅಂತಾನೆ ಈ ಪೆಟ್ಗೆ ತಂದಿದ್ದು. ಈ ಊರಲ್ಲೇ ಬಡೀಬೇಕಾಗಿತ್ತಾ ನೀನು?"

"ಯಾರೂ ಕರೀಲಿಲ್ಲ ಕಣಮ್ಮ," ಎಂದ ಸೊಣ್ಣಪ್ಪ. "ಬಡೀಬೇಕು ಅನ್ನಿಸ್ತು, ಬಡ್ದೆ. ಅಂಗೆ ಬಡ್ದಿದ್ದು ನನ್ ಜಲ್ಮದಲ್ಲಿ ಇದೇ ಮೊದ್ಲು."

ಆಮೇಲೆ ಕುಪ್ಪುಸ್ವಾಮಿ, ಗಣಿಗೆ ಇಳಿಯುವವರು ಸೊಂಟಕ್ಕೆ ಕಟ್ಟಿಕೊಳ್ಳುವ ತಲೆದೀಪದ ಬ್ಯಾಟರಿಗಳಲ್ಲಿ ಕೈಬಿಟ್ಟ ಕೆಲವನ್ನು ತಂದು ಪೆಟ್ಟಿಗೆಗೆ ಜೋಡಿಸಿದ. ಇನ್ನು ಕರೆಂಟಿನ ಹಂಗಿಲ್ಲ. ಮುಳಬಾಗಿಲು, ಕುಪ್ಪಂ, ಪಲಮನೇರು ಎಂದು ಊರೂರು ಸುತ್ತಿದರು. ಕನ್ನಡದ ಊರಲ್ಲಿ ಕನ್ನಡ, ಗಡಿ ದಾಟಿದರೆ ತೆಲುಗು, ಗಣಿಯ ಲೈನುಗಳಲ್ಲಿ ತಮಿಳು. ಮುತ್ಯಾಲುವನ್ನು ನೋಡಲು ಬಂದ ಗಂಡಿನ ಕಡೆಯವರು ಮೈಕು ಬಿಡಬೇಕೆಂದರು. ಅವಳು ಅವರನ್ನೇ ಬಿಟ್ಟಳು. ಎಂಟೊಂಬತ್ತು ವರ್ಷ ಹೀಗೇ ನಡೆಯಿತು. ಆಮೇಲೆ ಮದುವೆ ಮನೆಗಳಿಗೆ ಕ್ಯಾಸೆಟ್ಟು ಬಂತು. ಕ್ಯಾಸೆಟ್ಟು ಊಟ ಕೇಳುವುದಿಲ್ಲ, ವಾಪಸ್ಸು ಹೋಗಲು ಬಸ್ಸು ಕೇಳುವುದಿಲ್ಲ. ಅನಸೂಯ ಬಂಗಾರಪೇಟೆಯಲ್ಲಿ ರವಿಕೆ ಹೊಲಿಯತೊಡಗಿದಳು, ಮುತ್ಯಾಲು ಅಂಗನವಾಡಿ ಸೇರಿದಳು. ಪೆಟ್ಟಿಗೆ ಕುಪ್ಪುಸ್ವಾಮಿಯ ಮಂಚದ ಕೆಳಗೆ ಸೇರಿತು.

*

ಸೀಮೆಎಣ್ಣೆ ಡಬ್ಬದ ಕತೆಯನ್ನು ಅನಸೂಯಮ್ಮ ಅಂಗಳದಲ್ಲಿ ನಿಂತು ಹೇಳಿ ಮುಗಿಸಿದಳು. ಮುನಿನಾರಾಯಣಪ್ಪ ತನ್ನ ತಮಟೆಯನ್ನು ಗೋಡೆಗೆ ಒರಗಿಸಿಟ್ಟ.

"ಸೊಣ್ಣನೂ ನಾನೂ ಜೋಡಿ ಬಡಿದವ್ರು," ಎಂದ. "ಕರ್ದಾಗೆಲ್ಲ ಹೋದ್ವಿ. ಅವನ ಮಗ್ಳು ಬ್ಯಾಡ ಅಂದವ್ಳೆ ಅಂದ್ರೆ ಬ್ಯಾಡ. ಆಂಜಿನಪ್ಪಾ, ನಮ್ಗೆ ಹೆಗಲು ಕೊಡಾಕೆ ಬುಡ್ತೀಯೇನಪ್ಪಾ?"

ಆಂಜಿನಪ್ಪ ಗೋಡೆಯ ಕಡೆ ಮುಖ ಮಾಡಿದ. "ಏನಾರ ಮಾಡ್ಕಳ್ರಿ. ನನ್ ಮಾತು ಯಾರ್ ಕೇಳ್ತೀರ."

ಕುಪ್ಪುಸ್ವಾಮಿ ಪೆಟ್ಟಿಗೆ ಹೊತ್ತು ತಂದ. ಕೆಂಪು ಅಕ್ಷರಗಳು ಅರ್ಧ ಉದುರಿದ್ದವು. ಕುಕ್ಕರುಗಾಲಲ್ಲಿ ಕೂತು ಬ್ಯಾಟರಿಯ ತಂತಿಗಳನ್ನು ಸೇರಿಸಿದ.

"ಬ್ಯಾಟರಿ ರೊಂಬ ಹಳೇದು ಅನಸೂಯಮ್ಮಾ. ಚಾರ್ಜ್ ನಿಲ್ಲೋದೇ ಇಲ್ಲ. ಸುಡುಗಾಡು ತನಕ ಬರುತ್ತೋ ಇಲ್ಲವೋ. ಅಯ್ಯೋ ಮುತ್ಯಾಲು ತಂಗಚ್ಚಿ, ನಿನಗೆ ಇದನ್ನ ಮಾಡಬೇಕಾಯ್ತಲ್ಲಮ್ಮಾ."

ಗುಂಡಿ ಒತ್ತಿದ. ಟಕ್ ಟಕ ಟಕ್ ಟಕ. ಎಷ್ಟೋ ವರ್ಷ ಮಂಚದ ಕೆಳಗಿದ್ದದ್ದು ನಿನ್ನೆ ಮೊನ್ನೆ ನಿಲ್ಲಿಸಿದಂತೆ ಶುರುವಾಯಿತು. ಪೆದ್ದಮ್ಮನ ಅಳು ಒಂದು ಗಳಿಗೆ ನಿಂತು ಮತ್ತೆ ಜೋರಾಯಿತು. ಚಟ್ಟ ಎತ್ತಿದರು.

ಹೆಂಗಸರು ಸುಡುಗಾಡಿಗೆ ಹೋಗುವಂತಿಲ್ಲ. ಲೈನು ಮುಗಿದು ಸೈನೈಡ್ ದಿಬ್ಬ ಶುರುವಾಗುವ ತಿರುವಿನಲ್ಲಿ ಅವರೆಲ್ಲ ನಿಂತರು. ಅಲ್ಲಿವರೆಗೆ ಅನಸೂಯಮ್ಮ ಪೆಟ್ಟಿಗೆಯ ಪಕ್ಕದಲ್ಲೇ ನಡೆದಿದ್ದಳು. ಎಲ್ಲಾ ವೇದಿಕೆಗಳನ್ನೂ ಮುತ್ಯಾಲುವಿನ ಜೊತೆ ಹತ್ತಿದವಳು, ಈಗ ಅವಳೊಬ್ಬಳನ್ನೇ ಕಳಿಸಬೇಕಾಯಿತು. ಅದು ಅವಳಿಗೆ ಸಾವಿಗಿಂತ ಹೆಚ್ಚು ಸಂಕಟವೆನಿಸಿತು.

ಗಣಿಯ ಕಲ್ಲು ಅರೆದು ಚಿನ್ನ ತೆಗೆದ ಮೇಲೆ ಚೆಲ್ಲಿದ ಬೂದು ಮಣ್ಣಿನ ಆ ದಿಬ್ಬದ ಬುಡದಲ್ಲಿ ಗಂಡಸರ ಸಾಲು ಸಣ್ಣದಾಗುತ್ತಾ ಹೋಯಿತು. ಎಲ್ಲರಿಗಿಂತ ಮುಂದೆ ಆಂಜಿನಪ್ಪ, ಅವನ ಹಿಂದೆ ಪೆಟ್ಟಿಗೆ ಹೊತ್ತ ಕುಪ್ಪುಸ್ವಾಮಿ, ಆಮೇಲೆ ಚಟ್ಟ. ಟಕ್ ಟಕ ಟಕ್ ಟಕ. ತಾಳ ನಿಧಾನವಾಗತೊಡಗಿತು. ಎಳೆಯಿತು, ತಡವರಿಸಿತು, ನಿಂತಿತು.

"ಓಯ್ತಾ?" ಎಂದಳು ಪೆದ್ದಮ್ಮ.

ಅನಸೂಯಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ಕೊಟ್ಟ ಮಾತು ಅರ್ಧ ದಾರಿಯಲ್ಲಿ ಬಿದ್ದಿತ್ತು. ದೂರದಲ್ಲಿ ಕುಪ್ಪುಸ್ವಾಮಿ ಪೆಟ್ಟಿಗೆಯನ್ನು ಅಲ್ಲಾಡಿಸುವುದು, ತಂತಿ ಎಳೆದು ನೋಡುವುದು ಕಾಣುತ್ತಿತ್ತು. ಸಾಲು ನಿಂತಿತು. ಮುಂದಿದ್ದ ಆಂಜಿನಪ್ಪ ತಿರುಗಿ ಬಂದ. ಬಂದವನು ಕುಪ್ಪುಸ್ವಾಮಿಯ ಕೈಯಿಂದ ಪೆಟ್ಟಿಗೆ ಕಿತ್ತುಕೊಂಡ. ಎಸೆದೇಬಿಡುತ್ತಾನೆ ಎಂದುಕೊಂಡಳು ಅನಸೂಯಮ್ಮ.

ಅವನು ಅದನ್ನು ಎಡಗೈಯಲ್ಲಿ ಎದೆಗೆ ಅವಚಿಕೊಂಡ. ಆಮೇಲೆ ಬಲಗೈ ಎತ್ತಿ ಹಲಗೆಯ ಮೇಲೆ ಬಡಿಯತೊಡಗಿದ. ಪೆಟ್ಟಿಗೆ ಬಿಟ್ಟ ಜಾಗದಿಂದಲೇ, ಅದೇ ನಡೆ.

ಸಾಲು ಮತ್ತೆ ಹೊರಟಿತು. ಹೆಂಗಸರು ಮನೆಗಳ ಕಡೆ ತಿರುಗಿದರು. ತಿರುವಿನಲ್ಲಿ ಅನಸೂಯಮ್ಮ ಒಬ್ಬಳೇ ಉಳಿದಳು. ಎಡಗೈಯಲ್ಲಿ ಸೆರಗಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. ಅದರ ಮೇಲೆ ಅವಳ ಬಲಗೈ ಬೆರಳುಗಳು, ಆ ತಾಳಕ್ಕೆ ಆರ್ಗನ್ ನುಡಿಸುವ ಹಾಗೆ, ಒಂದೊಂದಾಗಿ ಇಳಿದು ಏಳುತ್ತಿದ್ದವು.